ಬಣ್ಣ ಹಚ್ಚದ ಮರ

"ಆ ಕಸದ ಬುಟ್ಟಿ ಇಲ್ಲಿ ಕೊಡು," ಎಂದಳು ಬ್ಲಾಂಕಾ.

"ಯಾವ್ದು ಮೇಡಂ?" ರಾದ್ಕಾ ಬೆಚ್ಚಿದಳು.

"ಬಿಳಿ ಕೋಣೆಯಿಂದ ಆಚೆ ಬರ್ತಾ ಗ್ಲೌಸ್ ಬಿಚ್ಚಿ ಎಸೀತೀರಲ್ಲ, ಅದು. ನಿನ್ನೆ ಸಂಜೇದು. ಇನ್ನೂ ಖಾಲಿ ಮಾಡಿಲ್ಲ ತಾನೆ?"

"ಇಲ್ಲ. ಆದ್ರೆ ಅದ್ರಲ್ಲಿ ಏನಿರತ್ತೆ? ಬರೀ ಬೆವರು ವಾಸ್ನೆ."

"ಪೊಲೀಸ್ ಕೆಲಸದಲ್ಲಿ ಅದಕ್ಕಿಂತ ಒಳ್ಳೇ ವಾಸ್ನೆ ನನ್ನ ಮೂಗಿಗೆ ಬಿದ್ದೇ ಇಲ್ಲ ಕಣಮ್ಮ. ತಾ ಇಲ್ಲಿ."

ಸಂಜೆ ಕೂದಲೆಳೆಯಷ್ಟೂ ತಪ್ಪಿಲ್ಲದಂತೆ ಹೊಂದಿಸಿಟ್ಟ ಎಕ್ಸ್-ರೇ ದೂರದರ್ಶಕದ ಕನ್ನಡಿಗಳು ಬೆಳಗಾಗುವಷ್ಟರಲ್ಲಿ ಕದಲಿರುತ್ತಿದ್ದವು. ತುರ್ನೋವ್ ಊರಂಚಿನ ಆ ಪ್ರಯೋಗಾಲಯದಲ್ಲಿ ವಾರವಿಡೀ ಇದೇ ಕಥೆ, ಇವತ್ತು ಬೆಳಿಗ್ಗೆಯೂ ಅದೇ. ಅವಿದ್ದ ಬಿಳಿ ಕೋಣೆಯ ಬೀಗ ಮುರಿದಿಲ್ಲ, ಕಿಟಕಿಯೇ ಇಲ್ಲ, ಒಳಗೆ ಹೋಗುವವರು ನಾಲ್ಕೇ ಜನ.

ನಿವೃತ್ತ ಪೊಲೀಸ್ ಕ್ಯಾಪ್ಟನ್ ಬ್ಲಾಂಕಾ ಕಾಡಿನಲ್ಲಿ ಬುಟ್ಟಿ ಹಿಡಿದು ಅಣಬೆ ಆಯುತ್ತಿದ್ದಾಗ ಯಿತ್ಕಾ ಫೋನ್ ಮಾಡಿ ಅತ್ತಿದ್ದಳು. ಯಿತ್ಕಾ ಈ ಪ್ರಯೋಗಾಲಯದ ಮುಖ್ಯಸ್ಥೆ. ಬೇಸಗೆ ಮನೆಗಳ ಸಾಲಿನಲ್ಲಿ ಬ್ಲಾಂಕಾಳ ಪಕ್ಕದ ಬೇಲಿಯವಳು. ಚಿಕ್ಕಂದಿನಿಂದ ಹೋಗೇ ಬಾರೇ ಎನ್ನುವಷ್ಟು ಸಲುಗೆ. ಅಂಥವಳು ಅತ್ತರೆ ಅಣಬೆಯ ಗತಿ ಕೇಳುವವರು ಯಾರು?

ಬ್ಲಾಂಕಾ ಕೈಗವಸುಗಳನ್ನು ಹಳೆಯ ಪತ್ರಿಕೆಯ ಮೇಲೆ ಹರಡಿದಳು. ನಾಲ್ವರ ಕೈ ನಾಲ್ಕು ಅಳತೆಯಾದ್ದರಿಂದ ಯಾರದು ಯಾವುದೆಂದು ಹೇಳಲು ಜ್ಯೋತಿಷ್ಯ ಬೇಕಿರಲಿಲ್ಲ. ಅಂಟು ಹಾಕುವ ರಾದ್ಕಾಳದು ಪುಟ್ಟದು. ಲೆಕ್ಕ ಹಾಕುವ ಡಾಕ್ಟರ್ ಒಲ್ದ್ರಿಖ್ ಅವರದು ಮೊರದಗಲ. ಕನ್ನಡಿ ಹೊಂದಿಸುವ ವೀತ್‌ನದು ಉದ್ದುದ್ದ ಬೆರಳಿನದು.

ರಾದ್ಕಾಳ ಬಲಗೈ ಗವಸಿನ ನಡುಬೆರಳ ಗೆಣ್ಣಿನ ಮೇಲೆ ಒಂದಿಷ್ಟು ಕೆಂಪು ಮಿಶ್ರಿತ ಕಂದು ಪುಡಿ. ಡಾಕ್ಟರರ ಬಲಗೈಯಲ್ಲೂ ಅಲ್ಲೇ. ಎಡಗೈ ಬಳಸುವ ವೀತ್‌ನದು ಎಡಗೈ ಗೆಣ್ಣಿನ ಮೇಲೆ. ಯಿತ್ಕಾಳ ಗವಸಿನ ಜೋಡಿ ಮಾತ್ರ ಹಾಲಿನಂತೆ ಬೆಳ್ಳಗಿತ್ತು. ಮುಖ್ಯಸ್ಥೆಯಲ್ಲವೇ, ಕೈ ಹಾಕುವುದಕ್ಕಿಂತ ಬಾಯಿ ಹಾಕುವುದೇ ಹೆಚ್ಚು ಎಂದುಕೊಂಡು ಬ್ಲಾಂಕಾ ಅದನ್ನು ಬದಿಗಿಟ್ಟಳು.

"ಕಾಫಿ ಹೊತ್ತಾಯ್ತಲ್ವಾ?" ಎಂದಳು. "ಎಲ್ಲರನ್ನೂ ಕರಿ. ನಾನು ಕೇಕ್ ತಂದಿದೀನಿ."

ಕಾಫಿ ಕೋಣೆಯ ಬಾಗಿಲಲ್ಲಿ ಎಲ್ಲರೂ ಮನೆಯ ಚಪ್ಪಲಿಗೆ ಬದಲಾಯಿಸಿಕೊಂಡು ಒಳಗೆ ಬಂದರು. ಡಾಕ್ಟರ್ ಒಲ್ದ್ರಿಖ್ ಅವರ ಚೌಕುಳಿ ಚಪ್ಪಲಿಯ ತೂತಿನಿಂದ ಹೆಬ್ಬೆರಳು ಹೊರಗೆ ಇಣುಕಿ ಎಲ್ಲರ ಯೋಗಕ್ಷೇಮ ವಿಚಾರಿಸುತ್ತಿತ್ತು. ಸೋಸದ ಕಾಫಿಯ ಗಷ್ಟು ತಳಕ್ಕೆ ಇಳಿಯಲೆಂದು ಲೋಟಗಳು ಕಾಯುತ್ತಿದ್ದವು. ಬ್ಲಾಂಕಾ ತಟ್ಟೆಯ ಮೇಲಿನ ಬಟ್ಟೆ ತೆಗೆದಾಗ ಪ್ಲಮ್ ಕೇಕಿನ ಪರಿಮಳ ಎದ್ದಿತು. ವೀತ್ ಗುನುಗುತ್ತಿದ್ದ ಹಾಡನ್ನೇ ನಿಲ್ಲಿಸಿದ.

"ಈ ವರ್ಷದ್ದು ಸಂತೇಲಿ ತಂದ ಹಣ್ಣಪ್ಪ, ರುಚಿ ಸಾಲದು," ಎಂದಳು ಬ್ಲಾಂಕಾ. "ನಮ್ಮಿಬ್ಬರ ಬೇಲೀಲಿದ್ದ ಹಳೇ ಮರ ಚಳಿಗಾಲದ ಗಾಳಿಗೆ ಬಿದ್ದುಹೋಯ್ತು. ಅದರ ಹಣ್ಣಿನ ರುಚಿ ಯಿತ್ಕಾನ ಕೇಳು."

"ಆ ರುಚಿ ಎಲ್ಲಿ, ಇದೆಲ್ಲಿ," ಎಂದು ಯಿತ್ಕಾ ನಕ್ಕಳು. ತಾನೇ ತಟ್ಟೆ ಎತ್ತಿಕೊಂಡು ಒಬ್ಬೊಬ್ಬರಿಗೂ ಹಂಚತೊಡಗಿದಳು. ಒಂದೇ ವಾರದಲ್ಲಿ ಅವಳ ಕಣ್ಣಿನ ಸುತ್ತ ಕಪ್ಪು ಬಂದಿತ್ತು.

ಬರದೇ ಏನು? ಎಕ್ಸ್-ರೇ ಎಂಬುದು ಗಾಳಿಯನ್ನು ದಾಟಿ ನೆಲಕ್ಕೆ ಇಳಿಯುವುದಿಲ್ಲ. ಸಿಡಿದ ನಕ್ಷತ್ರವೊಂದರ ಎಕ್ಸ್-ರೇ ಕಾಣಬೇಕಾದರೆ ರಾಕೆಟ್ಟಿನ ಮೂತಿಯಲ್ಲಿ ಕೂತು ಗಾಳಿಯ ಮೇಲಕ್ಕೆ ಹೋಗಬೇಕು. ಐದು ನಿಮಿಷ ಕಣ್ಣು ಬಿಡಬೇಕು, ಬಿದ್ದುಬಿಡಬೇಕು. ಆ ಐದು ನಿಮಿಷದ ನೋಟಕ್ಕಾಗಿ ಯಿತ್ಕಾ ತನ್ನ ಕಪ್ಪು ಕೂದಲನ್ನೆಲ್ಲ ಬೆಳ್ಳಗೆ ಮಾಡಿಕೊಂಡಿದ್ದಳು.

ದೂರದರ್ಶಕವನ್ನು ಅವರು ಪ್ರೀತಿಯಿಂದ 'ಸಿಗಡಿ' ಎನ್ನುತ್ತಿದ್ದರು. ಸಿಗಡಿಯ ಕಣ್ಣಿನ ಹಾಗೆಯೇ ಅದರೊಳಗೆ ಚಿನ್ನದ ಲೇಪದ ತೆಳು ಗಾಜಿನ ಹಾಳೆಗಳು ಅಡ್ಡಸಾಲು ಉದ್ದಸಾಲಾಗಿ ನಿಂತಿದ್ದವು. ಎದುರಾಗಿ ಬಂದ ಎಕ್ಸ್-ರೇ ಕನ್ನಡಿಯನ್ನೇ ತೂರಿಕೊಂಡು ಹೋಗುತ್ತದೆ. ಕೆರೆಯ ನೀರಿಗೆ ಓರೆಯಾಗಿ ಎಸೆದ ಚಪ್ಪಟೆ ಕಲ್ಲಿನ ಹಾಗೆ ಸವರಿಕೊಂಡು ಬಂದರೆ ಮಾತ್ರ ಪುಟಿಯುತ್ತದೆ. ಎಲ್ಲ ಹಾಳೆಗಳ ಓರೆಯೂ ಸರಿಯಾಗಿದ್ದರೆ ಬೆಳಕು ಒಂದು ಸೊಗಸಾದ ಶಿಲುಬೆಯಾಗಿ ಬಂದು ಕೂರುತ್ತದೆ. ಒಂದು ಸಾಲು ಎಳೆಯಷ್ಟು ಕದಲಿದರೂ ಶಿಲುಬೆಯ ತೋಳು ಸೀಳುತ್ತದೆ.

ಹೊಂದಿಸಿದ ಮೇಲೆ ಒಂದು ರಾತ್ರಿ ಕದಲದೆ ನಿಂತರೆ ಮಾತ್ರ ಸ್ಕ್ರೂಗಳಿಗೆ ಅಂಟು ಹಾಕುವುದು ಇವರ ಕಟ್ಟಳೆ. ಆ ಒಂದು ರಾತ್ರಿಯೇ ದಾಟುತ್ತಿರಲಿಲ್ಲ.

ಇವತ್ತೇ ಕೊನೆಯ ದಿನ. ಲಾರಿ ಅಂಗಳದಲ್ಲಿ ನಿಂತಿತ್ತು. ಉತ್ತರದ ಉಡಾವಣಾ ನೆಲೆಯಿಂದ ಎಕ್‌ಬರ್ಗ್ ಎಂಬಾತ ಖಡಾಖಂಡಿತವಾಗಿ ಹೇಳಿದ್ದ: ಯಾರೋ ಬೇಕೆಂದೇ ಕೈಯಾಡಿಸಿದ ಪೆಟ್ಟಿಗೆಯನ್ನು ನನ್ನ ರಾಕೆಟ್ಟಿನೊಳಗೆ ಇಡಲಾರೆ, ಮಧ್ಯಾಹ್ನದೊಳಗೆ ಕಾರಣ ಹೇಳಿ, ಇಲ್ಲವೇ ನಿಮ್ಮ ಜಾಗ ಬೇರೆಯವರಿಗೆ. ಆ ಜಾಗ ಇನ್ನೊಮ್ಮೆ ಸಿಗುವಷ್ಟರಲ್ಲಿ ಯಿತ್ಕಾ ನಿವೃತ್ತಳಾಗಿರುತ್ತಾಳೆ.

"ಡಾಕ್ಟ್ರೇ," ಎಂದಳು ಬ್ಲಾಂಕಾ ಕೇಕು ಅಗಿಯುತ್ತ. "ಒಳಗೆ ಮರದ ಸಾಮಾನು ಏನಾದ್ರೂ ಇದೆಯಾ?"

"ಮರ?" ಡಾಕ್ಟರ್ ಒಲ್ದ್ರಿಖ್ ಅವರಿಗೆ ಕಾಫಿ ನೆತ್ತಿಗೇರಿತು. "ಅದು ಧೂಳಿಲ್ಲದ ಕೋಣೆ ಕಣ್ರೀ! ಒಂದು ಹಲ್ಲುಕಡ್ಡಿ ಒಳಗೆ ತಂದ್ರೂ ಮನೆಗೆ ಕಳಿಸ್ತೀವಿ. ಕಲ್ಲು, ಲೋಹ, ಗಾಜು, ಅಷ್ಟೇ."

"ಹಾಗಾದ್ರೆ ನಿಮ್ಮ ಗ್ಲೌಸಿನ ಗೆಣ್ಣಿಗೆ ಮರದ ಪುಡಿ ಎಲ್ಲಿಂದ ಬಂತು?"

ವೀತ್ ತನ್ನ ಎಡಗೈಯನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡ. ರಾದ್ಕಾ ಕೇಕಿನೊಳಗಿನ ಹಣ್ಣನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

"ಏನ್ರೀ, ನನ್ನ ಮೇಲೇ ಅನುಮಾನಾನಾ?" ಡಾಕ್ಟರರ ಮೀಸೆ ಎದ್ದು ನಿಂತಿತು. "ಈ ಸಿಗಡಿ ಲೆಕ್ಕ ಹಾಕಿದ್ದೇ ನಾನು! ನಾನ್ಯಾಕೆ ನನ್ನ ಕೂಸಿನ ಕಣ್ಣು ಚುಚ್ಲಿ?"

"ಕಣ್ಣು ಚುಚ್ಚಿದ್ರಿ ಅಂತ ಎಲ್ಲಿ ಅಂದೆ? ಪುಡಿ ಎಲ್ಲಿಂದ ಅಂದೆ."

"ಗೊತ್ತಿಲ್ಲ."

"ಗೊತ್ತಿಲ್ವೋ, ಹೇಳೋಕೆ ನಾಚಿಕೇನೋ?"

"ನೋಡಿ ಕ್ಯಾಪ್ಟನ್, ನಾನು ವಿಜ್ಞಾನಿ. ಮೂಢನಂಬಿಕೆ ವಿರುದ್ಧ ಪ್ರತಿ ತಿಂಗಳೂ ಪತ್ರಿಕೇಲಿ ಬರೀತೀನಿ. ಇಡೀ ಊರೇ ಓದತ್ತೆ."

"ಓದಿದೀನಿ, ಕರಿ ಬೆಕ್ಕಿನ ಬಗ್ಗೆ ಬರೆದಿದ್ದು ಬಹಳ ಚೆನ್ನಾಗಿತ್ತು. ಆದ್ರೆ ನಾನಿನ್ನೂ ಮೂಢನಂಬಿಕೆ ಅನ್ನೋ ಮಾತೇ ಎತ್ತಿಲ್ವಲ್ಲ ಡಾಕ್ಟ್ರೇ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಬ್ಲಾಂಕಾ ಕುರ್ಚಿಗೆ ಒರಗಿ ನಿಟ್ಟುಸಿರು ಬಿಟ್ಟಳು. "ಹೋಗ್ಲಿ ಬಿಡಿ. ಇಷ್ಟೊಂದು ಒಳ್ಳೇ ಜನ ಮಾಡಿದ ಕೆಲಸ ಕೆಡತ್ಯೇ? ಬರೆದಿಟ್ಕೊಳ್ಳಿ, ಈ ಸಲ ಸಿಗಡಿ ಹಾರೇ ಹಾರತ್ತೆ! ಒಂದು ಚೂರೂ ತೊಂದ್ರೆ ಆಗಲ್ಲ!"

ಮರುಕ್ಷಣ ಮೇಜಿನ ಕೆಳಗಿನಿಂದ ಟಕ್ ಟಕ್ ಟಕ್. ಅದರ ಬೆನ್ನಿಗೇ ಇನ್ನೊಂದು ಮೂರು. ಆಮೇಲೆ ಎಲ್ಲಕ್ಕಿಂತ ಜೋರಾಗಿ, ಬಾಗಿಲು ತೆಗೆಯಿರಿ ಎನ್ನುವ ಹಾಗೆ ಮತ್ತೆ ಮೂರು.

ಆ ನಾಡಿನಲ್ಲಿ ನಾಲಿಗೆಯಿಂದ ಒಳ್ಳೆಯ ಮಾತು ಬಿದ್ದ ತಕ್ಷಣ ಬಣ್ಣ ಹಚ್ಚದ ಮರವನ್ನು ಮೂರು ಸಲ ಕುಟ್ಟಬೇಕು. ಇಲ್ಲವಾದರೆ ಆ ಮಾತು ಮುರಿದು ಬಿತ್ತೆಂದೇ ಲೆಕ್ಕ. ಮೇಜಿನ ಮೇಲ್ಭಾಗಕ್ಕೆ ಹೊಳಪು ಬಳಿದಿರುತ್ತದಲ್ಲ, ಅದಕ್ಕೇ ಎಲ್ಲರ ಕೈ ಕೆಳಗೆ ಹೋಗುತ್ತದೆ. ಯಿತ್ಕಾ ಅಂತೂ ಅಣಬೆಗೆ ಹುಳ ಬಿದ್ದಿಲ್ಲ ಎಂದರೂ ಬೇಲಿಗೆ ಓಡುವವಳು. ಈಗ ಪಾಪ ಎರಡೂ ಕೈಯಲ್ಲಿ ಕೇಕಿನ ತಟ್ಟೆ ಹಿಡಿದು ನಿಂತಿದ್ದಳು.

"ಡಾಕ್ಟ್ರೇ," ಎಂದಳು ಬ್ಲಾಂಕಾ ಮೆತ್ತಗೆ, "ಕೈ ಸ್ವಲ್ಪ ಮೇಲೆ ತೋರಿಸ್ತೀರಾ?"

ಡಾಕ್ಟರ್ ಒಲ್ದ್ರಿಖ್ ಟೊಮೆಟೊ ಆಗಿಹೋಗಿದ್ದರು. "ಇದು... ಇದು ಬರೀ ಸ್ನಾಯುಗಳ ಅಭ್ಯಾಸ."

"ಸ್ನಾಯು ಸರಿಯಾಗಿ ಮೂರೇ ಸಲ ಯಾಕೆ ಕುಟ್ತು?"

ಮೊದಲು ಕಿಸಕ್ಕೆಂದವಳು ರಾದ್ಕಾ. ಆಮೇಲೆ ವೀತ್. ಕೊನೆಗೆ ಡಾಕ್ಟರರೇ ಮೀಸೆಯ ಕೆಳಗೆ ನಗತೊಡಗಿದರು.

"ಹೇಳ್ಬಿಡ್ತೀನಿ ಕ್ಯಾಪ್ಟನ್ ಮೇಡಂ," ಎಂದ ವೀತ್. "ಸಿಗಡಿ ಕೂತಿರೋ ಸ್ಟ್ಯಾಂಡಿನ ತೋಳಿನ ಕೆಳಗೆ ಒಂದು ಮರದ ಚೂರು ಅಂಟಿಸಿದೆ. ಒರೆಸುವಾಗ ಕೈಗೆ ಸಿಕ್ತು. ಸಂಜೆ ಶಿಲುಬೆ ಸರಿಯಾಗಿ ಕೂತ ಮೇಲೆ, ದೀಪ ಆರಿಸಿ ಹೊರಡೋವಾಗ ಖುಷಿಗೆ... ಸುಮ್ನೆ ಒಂದು ಮೂರು ಸಲ..."

"ನೀನೂನಾ?" ರಾದ್ಕಾ ಚೀರಿದಳು. "ಅದು ನೀನೇ ಅಂಟಿಸಿದ್ದು ಅಂತ ನಾನು ಬಾಯಿ ಮುಚ್ಕೊಂಡಿದ್ದೆ!"

"ಅಂಟು ನಿನ್ನ ಕೈಲಿರತ್ತೆ ಮಾರಾಯ್ತಿ, ನಾನು ನಿಂದೇ ಅಂದ್ಕೊಂಡಿದ್ದೆ!"

ಇಬ್ಬರೂ ಡಾಕ್ಟರರ ಕಡೆ ತಿರುಗಿದರು. "ನಾನು ಅಂಟಿಸಿಲ್ಲಪ್ಪ," ಎಂದರು ಅವರು. "ಇತ್ತು, ಕುಟ್ಟಿದೆ. ದಿನಾ ಕುಟ್ಟಿದೆ. ಪತ್ರಿಕೆಯವರಿಗೆ ಮಾತ್ರ ಹೇಳ್ಬೇಡಿ."

ಬಿಳಿ ಕೋಣೆಗೆ ಹೋಗಬೇಕಾದರೆ ತಲೆಯಿಂದ ಕಾಲಿನವರೆಗೆ ಬಿಳಿ ದಿರಿಸು ತೊಡಬೇಕು. ಮೊದಲೇ ದಪ್ಪನೆಯ ಬ್ಲಾಂಕಾ ಅದರೊಳಗೆ ಹಿಟ್ಟಿನ ಮೂಟೆಯಂತೆ ಕಂಡಳು. ಹಾಗೇ ಮೊಣಕಾಲೂರಿ ಕಲ್ಲಿನ ಮೇಜಿನ ಮೇಲಿದ್ದ ಸ್ಟ್ಯಾಂಡಿನ ಕೆಳಗೆ ತಲೆ ತೂರಿಸಿದಳು. ಅಲ್ಲಿತ್ತು. ಬೆಂಕಿಪೊಟ್ಟಣದಷ್ಟು ಮರ, ತೆಳ್ಳನೆಯ ಲೋಹದ ತೋಳಿಗೆ, ಕನ್ನಡಿ ಪೆಟ್ಟಿಗೆಯ ಸ್ಕ್ರೂಗಳ ನೇರ ಕೆಳಗೆ.

"ವೀತ್, ಶಿಲುಬೆ ಹೊಂದಿಸಿ ತೋರಿಸಪ್ಪ."

ಕೋಣೆಯ ಆ ತುದಿಯಲ್ಲಿ ಸೂಜಿಮೊನೆಯಷ್ಟು ದೀಪ, ಈ ತುದಿಯಲ್ಲಿ ಪರದೆ. ವೀತ್ ಉಸಿರು ಹಿಡಿದು ಸ್ಕ್ರೂಗಳನ್ನು ತಿರುಗಿಸಿದ. ಅಡಿಗೆಮನೆಯಲ್ಲಿ ಲೋಟ ಬೀಳಿಸುವ ಕೈ ಇಲ್ಲಿ ಮಗುವಿನ ಕಣ್ಣಿಗೆ ಕಾಡಿಗೆ ಹಚ್ಚುವಷ್ಟು ಮೆತ್ತಗಾಗಿತ್ತು. ಸೀಳಿದ್ದ ಬೆಳಕು ನಿಧಾನವಾಗಿ ಒಂದಕ್ಕೊಂದು ಹತ್ತಿರವಾಗಿ, ಕೂಡಿ, ಒಂದೇ ಚೂಪು ಶಿಲುಬೆಯಾಯಿತು. ಎಷ್ಟು ಸಲ ನೋಡಿದ್ದರೂ ನಾಲ್ವರ ಬಾಯಿಂದಲೂ 'ಆಹಾ' ಹೊರಟಿತು.

"ಈಗ ಕುಟ್ಟು. ದಿನಾ ಕುಟ್ಟೋ ಹಾಗೇ."

ವೀತ್ ಎಡಗೈ ಕೆಳಗೆ ತೂರಿಸಿದ. ಟಕ್ ಟಕ್ ಟಕ್.

ಶಿಲುಬೆಯ ಒಂದು ತೋಳು ನಡುಗಿತು. ಡಾಕ್ಟರರು ತಾವೇ ಮುಂದೆ ಬಂದು ತಮ್ಮ ಪಾಲಿನ ಮೂರು ಕುಟ್ಟಿದರು. ತೋಳು ಸೀಳಿ ಎರಡಾಯಿತು.

"ಅಯ್ಯೋ ದೇವರೇ," ಎಂದರು ದೇವರನ್ನು ನಂಬದ ಡಾಕ್ಟರ್ ಒಲ್ದ್ರಿಖ್. "ಒಂದು ವಾರ ಕಳ್ಳನ್ನ ಹುಡುಕಿದ್ವಲ್ಲ. ನಮ್ಮ ಸಂತೋಷಾನೇ ಕಳ್ಳ!"

ಆಗ ಎದ್ದ ನಗುವಿಗೆ ಬಿಳಿ ಕೋಣೆ ಹುಟ್ಟಿದಂದಿನಿಂದ ಕಾಣದಷ್ಟು ಧೂಳು ಎದ್ದಿರಬೇಕು. ರಾದ್ಕಾ ಮುಖವಾಡದೊಳಗೇ ನಕ್ಕೂ ನಕ್ಕೂ ಅತ್ತಳು. ಯಿತ್ಕಾ ಓಡಿಬಂದು ಬ್ಲಾಂಕಾಳನ್ನು ತಬ್ಬಿಕೊಂಡಳು.

"ಮಾಡ್ಬಿಟ್ಟೆ ಕಣೇ ನೀನು! ಯಾರೂ ಬೇಕಂತ ಮಾಡಿಲ್ಲ ಅಂತ ತೋರಿಸ್ಬಿಟ್ಟೆ!"

"ದುರದೃಷ್ಟ ನೋಡಿ," ಡಾಕ್ಟರರು ಬಗ್ಗಿ ನೋಡುತ್ತಿದ್ದರು. "ಪಕ್ಕದ ಕಲ್ಲಿನ ಮೇಜಿಗೆ ಅಂಟಿಸಿದ್ದಿದ್ರೆ ನೂರು ಸಲ ಕುಟ್ಟಿದ್ರೂ ಏನೂ ಆಗ್ತಿರ್ಲಿಲ್ಲ. ಇಡೀ ಸ್ಟ್ಯಾಂಡಲ್ಲಿ ಪೆಟ್ಟು ನೇರ ಸ್ಕ್ರೂಗೆ ಹೋಗೋ ಜಾಗ ಇದೊಂದೇ."

"ಹಾಗಾದ್ರೆ ಅಂಟಿಸಿದ್ದು ಯಾರು?" ಎಂದಳು ಬ್ಲಾಂಕಾ.

"ಹೋಗ್ಲಿ ಬಿಡೇ," ಎಂದಳು ಯಿತ್ಕಾ. "ಯಾರೋ ಒಬ್ರು. ಈಗ ನಾಚ್ಕೋತಾರೆ, ನಾಳೆ ಹೇಳ್ತಾರೆ."

ಆ ಮಾತು ನಗುವಿನಲ್ಲಿ ಮುಳುಗಿಹೋಯಿತು. ಬ್ಲಾಂಕಾ ಮರದ ಚೂರನ್ನು ಕಿತ್ತು ಕೈಯಲ್ಲಿಟ್ಟುಕೊಂಡಳು. ಕಾರಣ ಸಿಕ್ಕ ಮೇಲೆ ರಾತ್ರಿ ಕಾಯುವುದೇಕೆ? ವೀತ್ ಮತ್ತೆ ಹೊಂದಿಸಿದ, ರಾದ್ಕಾ ಸ್ಕ್ರೂಗಳಿಗೆ ಹನಿ ಹನಿಯಾಗಿ ಅಂಟು ಬಿಟ್ಟಳು. ಅಂಟು ಗಟ್ಟಿಯಾದ ಮೇಲೆ ಡಾಕ್ಟರರು ಧೈರ್ಯ ಮಾಡಿ ಸ್ಟ್ಯಾಂಡನ್ನೇ ಕುಟ್ಟಿದರು. ಶಿಲುಬೆ ಜಪ್ಪಯ್ಯ ಎಂದರೂ ಕದಲಲಿಲ್ಲ.

ಕಾಫಿ ಕೋಣೆಯಲ್ಲಿ ಹಬ್ಬ. ಯಾವ ಬೀರುವಿನಿಂದಲೋ ಪ್ಲಮ್ ಸಾರಾಯಿಯ ಬಾಟಲಿ ಹೊರಬಂತು, ವೀತ್‌ನ ಹಾಡೂ ಹೊರಬಂತು. ಲಾರಿಯ ಚಾಲಕ ಹಾರ್ನ್ ಒತ್ತಿ 'ಇನ್ನೆಷ್ಟು ಹೊತ್ತು' ಎಂದು ಕೂಗಿದವನು ಕೇಕು ಕಂಡು ತಾನೂ ಒಳಗೆ ಬಂದ. ಡಾಕ್ಟರ್ ಒಲ್ದ್ರಿಖ್ ರಾದ್ಕಾಳ ಜೊತೆ ತೂತು ಚಪ್ಪಲಿಯಲ್ಲೇ ಎರಡು ಸುತ್ತು ಕುಣಿದರು.

ಬ್ಲಾಂಕಾಳಿಗೂ ಎದೆ ತುಂಬಿತ್ತು. ಇಷ್ಟೊಂದು ನಗುವಿನಲ್ಲಿ ಮುಗಿದ ತನಿಖೆ ಅವಳ ಜನ್ಮದಲ್ಲೇ ಇರಲಿಲ್ಲ. ಮೇಜಿನ ತುದಿಯಲ್ಲಿ ಕೂತು ಆ ಮರದ ಚೂರನ್ನು ಬೆಳಕಿಗೆ ಹಿಡಿದಳು, ಮೊಮ್ಮಕ್ಕಳಿಗೆ ತೋರಿಸಲು ಇಟ್ಟುಕೊಳ್ಳೋಣವೆಂದು.

ಕೆಂಪು ಮರ. ನಡುವೆ ನೇರಳೆ ಗೆರೆ. ಪ್ಲಮ್ ಮರದ ತಿರುಳಿಗೆ ಮಾತ್ರ ಇರುವ ಬಣ್ಣ.

ಒಂದು ಅಂಚಿನಲ್ಲಿ ಉಗುರಿನಷ್ಟಗಲ ನೀಲಿಗಪ್ಪು ಕಲೆ. ಹಳೆಯ ಮೊಳೆ ತುಕ್ಕು ಹಿಡಿದು ಮರದೊಳಗೆ ಇಳಿದ ಗುರುತು.

ಅವಳ ಹೆಬ್ಬೆರಳು ಆ ಕಲೆಯ ಮೇಲೆ ನಿಂತಿತು. ಆ ಮೊಳೆಯನ್ನು ಹೊಡೆದವಳು ಅವಳೇ. ಬೇಲಿಯ ಮರಕ್ಕೆ, ಬಟ್ಟೆ ಒಣಹಾಕುವ ಹಗ್ಗಕ್ಕೆಂದು. ಗಾಳಿಗೆ ಮರ ಬಿದ್ದ ಮೇಲೆ ಗರಗಸದ ಆ ತುದಿ ಯಿತ್ಕಾ, ಈ ತುದಿ ತಾನು ಹಿಡಿದು ಕೊಯ್ದು ತನ್ನ ಸೌದೆ ಕೊಟ್ಟಿಗೆಯಲ್ಲಿ ಒಟ್ಟಿದ್ದರು. ಕೊಟ್ಟಿಗೆಯ ಬೀಗದಕೈ ಹೂಕುಂಡದ ಕೆಳಗೆ ಇರುತ್ತದೆಂದು ಲೋಕದಲ್ಲಿ ಗೊತ್ತಿರುವುದು ಇಬ್ಬರಿಗೇ.

ಕಳ್ಳನೇ ಪೊಲೀಸರನ್ನು ಕರೆಯುವುದುಂಟೇ? ತನ್ನ ಇಡೀ ಆಯುಷ್ಯವನ್ನು ಯಾರಾದರೂ ತಾವೇ ಒಡೆಯುವುದುಂಟೇ? ಬ್ಲಾಂಕಾ ತನ್ನನ್ನೇ ಬೈದುಕೊಂಡಳು. ಆದರೆ ಹಾಲಿನಂಥ ಬಿಳಿ ಕೈಗವಸು ಕಣ್ಣಮುಂದೆ ಬಂತು. ಅಣಬೆಗೂ ಬೇಲಿ ಕುಟ್ಟುವ ಯಿತ್ಕಾ, ನಿನ್ನೆ ಸಂಜೆ ಶಿಲುಬೆ ಕೂಡಿದ್ದನ್ನು ನೋಡಿಯೂ ಆ ಮರವನ್ನು ಮುಟ್ಟಿರಲಿಲ್ಲ. ಕುಟ್ಟಿದರೆ ಏನಾಗುತ್ತದೆಂದು ಗೊತ್ತಿದ್ದವರು ಮಾತ್ರ ಹಾಗಿರಬಲ್ಲರು. ಹಾರಿದರೆ ಐದೇ ನಿಮಿಷದಲ್ಲಿ ಮುಗಿದುಹೋಗುವುದನ್ನು ಇನ್ನಷ್ಟು ದಿನ ತಡೆಯಹೋಗಿ, ಜಾಗವೇ ಕೈತಪ್ಪುತ್ತದೆಂದು ಗೊತ್ತಾದಾಗ ಹೆದರಿ ಅತ್ತಿದ್ದಳೇ?

ಅವಳು ಮರವನ್ನು ಜೇಬಿಗೆ ಹಾಕಿಕೊಂಡಳು. ತಲೆ ಎತ್ತಿದರೆ ಎದುರು ಕುರ್ಚಿಯಲ್ಲಿ ಯಿತ್ಕಾ ಬಂದು ಕೂತಿದ್ದಳು. ನಗುತ್ತಿದ್ದಳು.

"ಏನ್ ನೋಡ್ತಿದ್ಯೇ ಅದನ್ನ? ಕೊಡಿಲ್ಲಿ, ಒಲೆಗೆ ಹಾಕ್ತೀನಿ."

"ಇರ್ಲಿ ಬಿಡು. ಮೊಮ್ಮಕ್ಕಳಿಗೆ ತೋರಿಸೋಕೆ."

ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನು ಹೊಡೆದುಕೊಂಡಿತು. ಹಾಡು ನಿಂತಿತು. ಯಿತ್ಕಾ ಎತ್ತಿಕೊಂಡು ಎರಡು ಮಾತಾಡಿ, ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದಳು. "ಎಕ್‌ಬರ್ಗ್. ತನಿಖೆ ಮಾಡಿದವರ ಬಾಯಿಂದಲೇ ಕೇಳ್ಬೇಕಂತೆ. ನೀನೇ ಹೇಳು ಕಣೇ, ಯಾರ ತಪ್ಪೂ ಇಲ್ಲ ಅಂತ. ನಿನ್ನ ಒಂದು ಮಾತು, ಲಾರಿ ಹೊರಡತ್ತೆ."

ಎಲ್ಲರೂ ಬ್ಲಾಂಕಾಳ ಮುಖವನ್ನೇ ನೋಡುತ್ತಿದ್ದರು. ವೀತ್ ಸಾರಾಯಿಯ ಲೋಟ ಎತ್ತಿ ಹಿಡಿದು ಕಾಯುತ್ತಿದ್ದ. ರಾದ್ಕಾಳ ಕಣ್ಣಲ್ಲಿ ಇನ್ನೂ ನಗುವಿನ ನೀರಿತ್ತು. ಡಾಕ್ಟರರು ಕಣ್ಣು ಮಿಟುಕಿಸಿ ಧೈರ್ಯ ಹೇಳಿದರು.

ಬ್ಲಾಂಕಾ ಫೋನನ್ನು ಕಿವಿಗೆ ಹಿಡಿದಳು. ಆ ಕಡೆಯ ದನಿ ಮುರುಕು ಜರ್ಮನ್ನಿನಲ್ಲಿ ನಿಧಾನವಾಗಿ ಕೇಳಿತು.

"ಮರ ಕುಟ್ಟಿದ್ರು ಅಂತಾರೆ, ಅದು ನನಗೆ ಅರ್ಥ ಆಯ್ತು, ನಗೂನೂ ಬಂತು. ಒಂದೇ ಪ್ರಶ್ನೆ ಕ್ಯಾಪ್ಟನ್. ಬೇಕಂತಲೇ ಮಾಡಿದ ಕೈ ಒಂದಾದ್ರೂ ಇದೆಯಾ? ಇದೆ ಅಥವಾ ಇಲ್ಲ, ಅಷ್ಟು ಹೇಳಿ ಸಾಕು."

ಜೇಬಿನೊಳಗೆ ಬ್ಲಾಂಕಾಳ ಬೆರಳು ಆ ಮೊಳೆಯ ಕಲೆಯನ್ನು ಹುಡುಕಿತು.

ಮೇಜಿನ ಕೆಳಗಿನಿಂದ ಸದ್ದು ಬಂತು. ಟಕ್. ಟಕ್. ಟಕ್.

ಎದುರು ಕೂತಿದ್ದ ಯಿತ್ಕಾಳ ಒಂದು ಕೈ ಮೇಜಿನ ಮೇಲಿತ್ತು. ಇನ್ನೊಂದು ಕಾಣಿಸುತ್ತಿರಲಿಲ್ಲ. ಅವಳು ನಗುವುದನ್ನು ನಿಲ್ಲಿಸಿ ಬ್ಲಾಂಕಾಳ ಕಣ್ಣನ್ನೇ ನೋಡುತ್ತಿದ್ದಳು.